ಮುಖವಿಲ್ಲದ ಯಂತ್ರಕ್ಕೆ ಗುರುತು: ದುರ್ಗಿಗುಡಿಯ ಒಂದು ವಿನ್ಯಾಸ ಕಚೇರಿಯ ಕೆಲಸ

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಮೂವರು ಸೇರಿ ನಡೆಸುವ ಸಣ್ಣ ವಿನ್ಯಾಸ ಕಚೇರಿಯೊಂದಿದೆ. ಔಷಧ ಹೊತ್ತು ಹಾರುವ ನಮ್ಮ ಡ್ರೋನ್ ಸೇವೆಗೆ ಬೇಕಾದ ಗುರುತು, ಬಣ್ಣ, ಅಕ್ಷರ, ಪೆಟ್ಟಿಗೆ, ಫಲಕ, ಕೈಚೀಟಿ ಇವೆಲ್ಲವನ್ನೂ ರೂಪಿಸಿಕೊಡುವ ಕೆಲಸವನ್ನು ನಾವು ಅವರಿಗೆ ಒಪ್ಪಿಸಿದ್ದೆವು. ಅವರು ಕೊಟ್ಟದ್ದನ್ನು ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕೊರತೆಗಳನ್ನೂ ಹೇಳಲಿರುವುದರಿಂದ ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೊಸ ಬಗೆಯ ಸಾರಿಗೆಯೊಂದನ್ನು ಹಳ್ಳಿಗೆ ತರಲು ಹೊರಟವರು ವಿನ್ಯಾಸಕಾರರಿಂದ ಏನನ್ನು ಕೇಳಿ ಪಡೆಯಬೇಕು ಎಂಬುದು ನಮಗೆ ತಡವಾಗಿ ತಿಳಿಯಿತು. ಇನ್ನೊಬ್ಬರಿಗೆ ಅದು ಮೊದಲೇ ತಿಳಿಯಲಿ ಎಂಬುದು ನನ್ನ ಆಸೆ.

ನಮ್ಮದು ಇನ್ನೂ ಪ್ರಯೋಗದ ಹಂತದಲ್ಲಿರುವ ಪುಟ್ಟ ಸೇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದ ಮೇಲೆ ಸಾಗರ, ಹೊಸನಗರ ಕಡೆಯ ಎಷ್ಟೋ ಊರುಗಳು ಹಿನ್ನೀರಿನ ಆಚೆ ಉಳಿದವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು, ಸಿಗಂದೂರಿನ ಕಡೆಯವರು ಲಾಂಚಿಗಾಗಿ ಕಾಯುವುದು ತಪ್ಪಿತಾದರೂ, ಒಳಗಿನ ಕೆಲವು ಮಜರೆಗಳಿಗೆ ಇಂದಿಗೂ ದೋಣಿ ಇಲ್ಲವೇ ಸುತ್ತುದಾರಿಯೇ ಗತಿ. ಅಂಥ ಒಂದು ದಡದಿಂದ ಎದುರು ದಡಕ್ಕೆ, ಪೈಲಟ್‌ನ ಕಣ್ಣಳತೆಯೊಳಗೇ, ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ಮಕ್ಕಳ ಜ್ವರದ ಔಷಧ ಮುಂತಾದವನ್ನು ಎರಡು ಕಿಲೋ ಮೀರದಂತೆ ಸಾಗಿಸುತ್ತೇವೆ. 2021ರ ಡ್ರೋನ್ ನಿಯಮಗಳ ಪ್ರಕಾರ ನಮ್ಮ ಯಂತ್ರ 2ರಿಂದ 25 ಕಿಲೋವರೆಗಿನ ‘ಸಣ್ಣ’ ವರ್ಗಕ್ಕೆ ಸೇರುತ್ತದೆ. ಯಂತ್ರಕ್ಕೆ ನೋಂದಣಿ ಸಂಖ್ಯೆಯಿದೆ, ಹಾರಿಸುವವರಿಗೆ ಪ್ರಮಾಣಪತ್ರವಿದೆ.

ಕಾಗದಪತ್ರಗಳೆಲ್ಲ ಸರಿಯಿದ್ದರೂ ಜನರ ನಂಬಿಕೆ ಮಾತ್ರ ನಮಗೆ ಸಿಕ್ಕಿರಲಿಲ್ಲ. ಲಾಂಚಿನಲ್ಲಿ ಹೋಗುವವರಿಗೆ ಅದನ್ನು ನಡೆಸುವವನ ಮುಖ ಕಾಣುತ್ತಿತ್ತು. ಅವನು ಯಾರ ಮಗ, ಯಾವ ಊರಿನವನು ಎಂಬುದೂ ಗೊತ್ತಿರುತ್ತಿತ್ತು. ಪೇಟೆಯಿಂದ ಔಷಧದ ಪೊಟ್ಟಣ ಕಳಿಸುವವರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, “ಸ್ಟಾಪಿನಲ್ಲಿ ನಮ್ಮ ಮಾವ ನಿಂತಿರ್ತಾರೆ, ಕೊಟ್ಟುಬಿಡಿ” ಎಂದರೆ ಸಾಕು, ರಸೀದಿಯಿಲ್ಲದೆಯೇ ಅದು ತಲುಪುತ್ತದೆ. ತಲೆಯ ಮೇಲೆ ಗುಂಯ್‌ಗುಡುತ್ತ ಹೋಗುವ ಡ್ರೋನಿಗೆ ಅಂಥ ಮುಖವಿಲ್ಲ. ಮೇಲಾಗಿ ನಮ್ಮ ಕಡೆ ಡ್ರೋನ್ ಎಂದರೆ ಅಡಿಕೆಗೆ ಔಷಧ ಹೊಡೆಯುವ ಯಂತ್ರ, ಮದುವೆಯ ವಿಡಿಯೋದವರ ಯಂತ್ರ, ಎಲ್ಲಕ್ಕಿಂತ ಹೆಚ್ಚಾಗಿ ಸರ್ವೆಯವರ ಯಂತ್ರ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ ಜಾಗಗಳನ್ನು ಡ್ರೋನಿನಿಂದಲೇ ಅಳೆಯಲಾಗುತ್ತದೆ. ಬಗರ್‌ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿರುವ, ಕಾಡಿನ ಅಂಚಿಗೆ ತೋಟ ಮಾಡಿಕೊಂಡಿರುವ ಮನೆಗಳವರಿಗೆ ಆ ಸದ್ದು ಕೇಳಿದರೆ ಎದೆ ಝಲ್ಲೆನ್ನುವುದು ಸಹಜ.

ದುರ್ಗಿಗುಡಿಯವರಿಗಿಂತ ಮೊದಲು ನಾವು ಈ ಕೆಲಸವನ್ನು ದೊಡ್ಡ ಊರಿನ ಬೇರೊಂದು ಸಂಸ್ಥೆಗೆ ಕೊಟ್ಟಿದ್ದೆವು. ಅವರು ನಮ್ಮ ಊರಿಗೆ ಬರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ನೀಲಿ ರೆಕ್ಕೆ, ಹಿಂದೆ ವೇಗ ಸೂಚಿಸುವ ಮೂರು ಗೆರೆ, ಕೆಳಗೆ ತೆಳ್ಳನೆಯ ಇಂಗ್ಲಿಷ್ ಅಕ್ಷರಗಳಿದ್ದ ಚಿಹ್ನೆಯೊಂದನ್ನು ಕಳಿಸಿದರು. ಪರದೆಯ ಮೇಲೆ ಅದು ಸೊಗಸಾಗಿಯೇ ಇತ್ತು, ನಮಗೂ ಮೊದಲಿಗೆ ಹಿಡಿಸಿತು. ಭವಿಷ್ಯದ ಸಾರಿಗೆ ಎಂದೊಡನೆ ಇಂಥದೇ ಚಿತ್ರ ಕಣ್ಣಿಗೆ ಬರುವಷ್ಟು ನಾವೆಲ್ಲರೂ ಅದಕ್ಕೆ ಒಗ್ಗಿಹೋಗಿದ್ದೇವೆ. 2020ರ ನವೆಂಬರ್ 8ರಂದು ಅಮೆರಿಕದ ನೆವಾಡದಲ್ಲಿ ಇಬ್ಬರನ್ನು ಕೂರಿಸಿಕೊಂಡ ಹೈಪರ್‌ಲೂಪ್ ಬಂಡಿಯೊಂದು, ಎಂದರೆ ಗಾಳಿಯನ್ನು ಬಹುಪಾಲು ಹೊರತೆಗೆದ ಕೊಳವೆಯಲ್ಲಿ ಓಡುವ ಬಂಡಿ, 500 ಮೀಟರ್ ಕೊಳವೆಯೊಳಗೆ ಗಂಟೆಗೆ 172 ಕಿಲೋಮೀಟರ್ ವೇಗ ಮುಟ್ಟಿತು. ಅದನ್ನು ನಡೆಸಿದ ಸಂಸ್ಥೆ 2023ರ ಕೊನೆಗೆ ಬಾಗಿಲು ಹಾಕಿತು. ಅದು ಮುಚ್ಚಿದ್ದು ಚಿಹ್ನೆಯ ತಪ್ಪಿನಿಂದಲ್ಲ. ಆದರೆ ಆ ವರ್ಷಗಳಲ್ಲಿ ನಾನು ನೋಡಿದ ಹೈಪರ್‌ಲೂಪಿನ ಹೊಳೆಹೊಳೆಯುವ ಚಿತ್ರಗಳಲ್ಲಿ ಒಂದಾದರೂ, ಬಂಡಿ ಕೊಳವೆಯ ನಡುವೆ ನಿಂತುಹೋದರೆ ಒಳಗಿದ್ದವರು ಹೊರಗೆ ಬರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ನೆನಪಿಲ್ಲ. ನಮ್ಮ ನೀಲಿ ರೆಕ್ಕೆಯೂ ಹಾಗೆಯೇ ಇತ್ತು: ವೇಗವಾಗಿ ಹೋಗುತ್ತೇವೆ ಎನ್ನುತ್ತಿತ್ತು, ಯಾರ ಪರವಾಗಿ, ಏನನ್ನು ಹೊತ್ತು ಎಂದು ಹೇಳುತ್ತಿರಲಿಲ್ಲ.

ದುರ್ಗಿಗುಡಿಯ ಕಚೇರಿಯ ಹಿರಿಯ ವಿನ್ಯಾಸಕಿ ಕೆಲಸ ಒಪ್ಪಿಕೊಳ್ಳುವ ಮುನ್ನವೇ ಎರಡು ದಿನ ನಮ್ಮ ದಡದಲ್ಲಿ ಉಳಿದರು. ಯಂತ್ರದ ಬಗ್ಗೆ ನಮ್ಮನ್ನು ಕೇಳಿದ್ದು ಕಡಿಮೆ. ಹೆಚ್ಚಿನ ಹೊತ್ತು ಅಂಗಡಿ ಕಟ್ಟೆಯ ಮೇಲೆ, ದೋಣಿ ಕಾಯುವ ಜಾಗದಲ್ಲಿ, ಅಂಗನವಾಡಿಯ ಜಗಲಿಯಲ್ಲಿ ಕೂತು ಜನ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಂಡರು. ಅಡಿಕೆ ಸುಲಿಯುತ್ತಿದ್ದ ಹಿರಿಯ ಹೆಂಗಸೊಬ್ಬರು ಮೆಟ್ಟುಗತ್ತಿಯಿಂದ ಕೈ ತೆಗೆಯದೆಯೇ, “ಎಂತ ಮಗಾ, ಅದು ನಮ್ಮ ತೋಟ ಅಳೆಯಲಿಕ್ಕೆ ಬಂದದ್ದಾ? ಬಚ್ಚಲಮನೆ ಮೇಲೆ ಹೋಗ್ತದಲ್ಲ, ಅದಕ್ಕೆ ಕಣ್ಣು ಉಂಟಾ?” ಎಂದು ಕೇಳಿದರು. ಆ ಪುಸ್ತಕದಲ್ಲಿ ಕೊನೆಗೆ ಉಳಿದ ಪ್ರಶ್ನೆಗಳು ನಾಲ್ಕು: ಇದು ಯಾರದು, ಏನು ಹೊತ್ತಿದೆ, ನಮ್ಮನ್ನು ನೋಡುತ್ತದೆಯೇ, ಬಿದ್ದರೆ ಯಾರನ್ನು ಕೇಳುವುದು. ಮುಂದೆ ಅವರು ಮಾಡಿದ ಪ್ರತಿಯೊಂದು ವಸ್ತುವೂ ಈ ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಉತ್ತರವಾಗಿರಬೇಕೆಂದು ಅವರೇ ಷರತ್ತು ಹಾಕಿಕೊಂಡರು. ಈ ಸೇವೆಗೆ ನಾವು ಕೊಟ್ಟ ಹಣದಲ್ಲಿ ಅರ್ಧದಷ್ಟು ಆ ಎರಡು ದಿನಗಳಿಗೇ ಸಂದಿದ್ದರೂ ನಾನು ಒಪ್ಪುತ್ತಿದ್ದೆ.

ಕ್ಯಾಮೆರಾದ ಪ್ರಶ್ನೆ ಬಂದಾಗ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೈಚೀಟಿಯಲ್ಲಿ “ಈ ಯಂತ್ರ ಚಿತ್ರ ತೆಗೆಯುವುದಿಲ್ಲ” ಎಂದು ಬರೆಯಿರಿ ಎಂದು ನಾವು ಹೇಳಿದೆವು. ಅವರು ಬರೆಯಲಿಲ್ಲ; ಮೊದಲು ನಮ್ಮ ಎಂಜಿನಿಯರ್ ಹುಡುಗನನ್ನು ಕೂರಿಸಿಕೊಂಡು ಅದು ನಿಜವೇ ಎಂದು ವಿಚಾರಿಸಿದರು. ಇಳಿಯುವ ಜಾಗ ಗುರುತಿಸಲು ಯಂತ್ರದ ಹೊಟ್ಟೆಯಲ್ಲಿ ಒಂದು ಕ್ಯಾಮೆರಾ ಇತ್ತು, ಅದು ಕಂಡದ್ದೆಲ್ಲ ಮೆಮೊರಿ ಕಾರ್ಡಿನಲ್ಲಿ ದಾಖಲಾಗುತ್ತಿತ್ತು, ಏನಾದರೂ ತೊಂದರೆಯಾದರೆ ನೋಡಲಿಕ್ಕೆ ಬೇಕಾಗುತ್ತದೆಂದು ಅವನು ಅದನ್ನು ಹಾಗೇ ಬಿಟ್ಟಿದ್ದ. ಅದರಲ್ಲಿ ಹಿತ್ತಿಲುಗಳೂ ಬಚ್ಚಲಮನೆಗಳೂ ಇದ್ದವೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ಸಂಜೆಯೇ ಕಾರ್ಡುಗಳನ್ನು ತೆಗೆದು ಅಳಿಸಿ, ಇಳಿಯುವ ಕೊನೆಯ 30 ಅಡಿಯಲ್ಲಿ ಮಾತ್ರ ಕ್ಯಾಮೆರಾ ಕೆಲಸ ಮಾಡುವಂತೆ, ದಾಖಲೆಯೇ ಆಗದಂತೆ ಯಂತ್ರವನ್ನು ಬದಲಿಸಿದೆವು. ಅನಂತರವೇ ಅವರು ಬರೆದ ವಾಕ್ಯ ಅಚ್ಚಾಯಿತು: “ಇದರ ಕ್ಯಾಮೆರಾ ಇಳಿಯುವ ಜಾಗವನ್ನಷ್ಟೇ ನೋಡುತ್ತದೆ, ಯಾವ ಚಿತ್ರವನ್ನೂ ಉಳಿಸಿಕೊಳ್ಳುವುದಿಲ್ಲ.” ಚಿಹ್ನೆ ಬರೆದುಕೊಡಲು ಬಂದವರು ಯಂತ್ರವನ್ನೇ ತಿದ್ದಿಸಿ ಹೋದರು. ನಂಬಿಕೆ ಹುಟ್ಟಿಸುವ ವಿನ್ಯಾಸ ಎಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಕೈಚೀಟಿಯ ಆ ಒಂದು ಸಾಲನ್ನೇ.

ಎರಡನೆಯ ಪಾಠ ಅಕ್ಷರದ ಗಾತ್ರದ್ದು. ಯಂತ್ರದ ಮೇಲೆ ನಮ್ಮ ಹೆಸರು ದೊಡ್ಡದಾಗಿ ಇರಬೇಕೆಂದು ನಾವು ಹಟ ಹಿಡಿದಿದ್ದೆವು. ಫಲಕ ಬರೆಯುವವರಲ್ಲಿ ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ ಬೇಕೆಂಬ ರೂಢಿಯ ಲೆಕ್ಕವಿದೆ. ಆ ಲೆಕ್ಕದಲ್ಲಿ 200 ಅಡಿ ಎತ್ತರದಲ್ಲಿ ಹಾರುವ ಹೆಸರನ್ನು ಓದಲು 20 ಇಂಚಿನ ಅಕ್ಷರ ಬೇಕು. ನಮ್ಮ ಪೆಟ್ಟಿಗೆಯ ಉದ್ದವೇ 14 ಇಂಚು. ಅವರು ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಅಡಿಕೆ ಕೊಯ್ಯುವ ಫೈಬರ್ ದೋಟಿಯೊಂದನ್ನು ಎರವಲು ತಂದು, ಅದರ ತುದಿಗೆ ಬೇರೆ ಬೇರೆ ಬಣ್ಣದ ರಟ್ಟಿನ ಪೆಟ್ಟಿಗೆಗಳನ್ನು ಕಟ್ಟಿ, ಅರವತ್ತು ಅಡಿ ಎತ್ತರಕ್ಕೆ ಎತ್ತಿಸಿ, ಕೆಳಗೆ ನಿಂತವರನ್ನು ಏನು ಕಾಣುತ್ತದೆ ಎಂದು ಕೇಳಿದರು. ಬೆಳಗಿನ ಆಕಾಶಕ್ಕೆ ಎದುರಾಗಿ ನೆತ್ತಿಯ ಮೇಲಿದ್ದಾಗ ಎಲ್ಲ ಬಣ್ಣವೂ ಒಂದೇ ಕಪ್ಪು. ಕಾಣುವುದು ಆಕಾರ ಮಾತ್ರ. ಬಣ್ಣ ತಿಳಿಯುವುದು ಯಂತ್ರ ಓರೆಯಾಗಿ, ಕಾಡಿನ ಹಸಿರಿಗೆ ಎದುರಾಗಿ ಬಂದಾಗ.

ಇದರಿಂದ ಎರಡು ತೀರ್ಮಾನಗಳು ಹೊರಟವು. ಸರ್ವೆಯ ಡ್ರೋನಿಗೆ ಹೊರೆಯಿರುವುದಿಲ್ಲವಾದ್ದರಿಂದ, ನಮ್ಮದು ಏನನ್ನೋ ಹೊತ್ತಿದೆ ಎಂಬುದು ನೆರಳಿನಂತೆ ಕಂಡಾಗಲೂ ಗೊತ್ತಾಗಬೇಕು. ಅದಕ್ಕಾಗಿ ಪೆಟ್ಟಿಗೆ ಯಂತ್ರದ ಹೊಟ್ಟೆಗೆ ಅಂಟಿಕೊಂಡಿರದೆ ಒಂದು ಗೇಣು ಕೆಳಗೆ ಜೋತಿರಬೇಕು. ಹಗ್ಗದಲ್ಲಿ ಜೋತುಬಿಟ್ಟರೆ ಗಾಳಿಗೆ ಓಲಾಡಿ ಯಂತ್ರ ಹಿಡಿತ ತಪ್ಪುತ್ತದೆಂದು ಎಂಜಿನಿಯರ್‌ಗಳು ತಡೆದರು. ಕೊನೆಗೆ ನಾಲ್ಕು ಗಟ್ಟಿ ಕಡ್ಡಿಗಳ ಮೇಲೆ ಒಪ್ಪಂದವಾಯಿತು. ಎರಡನೆಯದು ಬಣ್ಣ. ಹಸಿರು ಕಾಡಿನಲ್ಲಿ ಮರೆಯಾಗುತ್ತದೆ, ನೀಲಿ ಆಕಾಶದಲ್ಲಿ, ಬೂದು ಮೋಡದಲ್ಲಿ. ಹಳದಿ–ಕೆಂಪು ಜೋಡಿಸಿದರೆ ಕನ್ನಡ ಬಾವುಟವಾಗುತ್ತದೆ. ಕೇಸರಿ, ಹಸಿರು, ನೀಲಿ ಯಾವುದನ್ನು ಒಂಟಿಯಾಗಿ ಎತ್ತಿಕೊಂಡರೂ ನೋಡುವವರಿಗೆ ಒಂದೊಂದು ಬಾವುಟದ ನೆನಪು ಬರುತ್ತದೆ, ಔಷಧ ತರುವ ಯಂತ್ರ ಯಾವ ಬಾವುಟದ ಕೆಳಗೂ ನಿಲ್ಲಬಾರದು. ಅವರು ಆರಿಸಿದ್ದು ಮುರುಗಲ ಹಣ್ಣಿನ ಬಣ್ಣ, ಜೊತೆಗೆ ಕೆನೆ ಬಿಳಿ. ಮಲೆನಾಡಿನ ಮನೆಯವರಿಗೆ ಆ ಕಡುಗೆಂಪು ಬೇಸಿಗೆಯ ಶರಬತ್ತಿನ ಬಣ್ಣ. ತೋಟದ ಹಸಿರಿನ ಮುಂದೆ ಅದು ಎದ್ದು ಕಾಣುತ್ತದೆ, ಯಾರನ್ನೂ ಬೆದರಿಸುವುದಿಲ್ಲ.

ಚಿಹ್ನೆಯ ವಿಷಯದಲ್ಲಿಯೂ ನಾವು ತಪ್ಪುದಾರಿ ಹಿಡಿದಿದ್ದೆವು. ಔಷಧ ಎಂದೊಡನೆ ಬಿಳಿಯ ಮೇಲೆ ಕೆಂಪು ಶಿಲುಬೆ ಹಾಕಿದರೆ ಸಾಕೆಂದು ಎಣಿಸಿದ್ದೆವು. ಆ ಲಾಂಛನವನ್ನು ಅನುಮತಿಯಿಲ್ಲದೆ ಬಳಸುವುದನ್ನು ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಿಷೇಧಿಸುತ್ತದೆ ಎಂಬುದನ್ನು ಮೊದಲ ಸಭೆಯಲ್ಲೇ ತಿಳಿಸಿದರು. ಅದರ ಬದಲು ಅವರು ಬರೆದದ್ದು ಅಂಗಡಿಯಲ್ಲಿ ಕಾಗದ ಮಡಿಚಿ ದಾರ ಸುತ್ತಿ ಕೊಡುವ ಪೊಟ್ಟಣದ ಆಕಾರ: ಒಂದು ಚೌಕ, ಓರೆಯಾಗಿ ಎರಡು ದಾರ, ಮೇಲೊಂದು ಗಂಟು. ಪೊಟ್ಟಣ ಬಿಚ್ಚದೆ ಬಂದಿದೆ ಎಂಬ ಭರವಸೆ ಅದರಲ್ಲಿದೆ. ಪೆಟ್ಟಿಗೆಯ ಮುಚ್ಚಳದ ಸೀಲಿನ ಮೇಲೂ ಅದೇ ಗಂಟು ಬರುವಂತೆ ಮಾಡಿದ್ದರಿಂದ, ಸೀಲು ಹರಿದರೆ ಗಂಟೂ ಹರಿಯುತ್ತದೆ. ನಮ್ಮ ತಂಡದ ಕೆಲವರು ಹಸೆ ಚಿತ್ತಾರವನ್ನು ಅಂಚಿಗೆ ಹಾಕೋಣವೆಂದು ಒತ್ತಾಯಿಸಿದ್ದರು. ದೀವರ ಮನೆಗಳ ಗೋಡೆಯ ಮೇಲೆ ಮದುವೆಯಂಥ ಶುಭಕಾರ್ಯಕ್ಕೆ ಹೆಂಗಸರು ಬರೆಯುವ ಗೆರೆಗಳನ್ನು ಕೇಳದೆ ತಂದು ಯಂತ್ರಕ್ಕೆ ಅಂಟಿಸುವುದು ಸರಿಯಲ್ಲವೆಂದು ಅವರು ನಿರಾಕರಿಸಿದರು. ಈ ವಿವೇಕಕ್ಕೆ ನಾನು ಋಣಿ.

ಕನ್ನಡ ಅಕ್ಷರಗಳಿಗೆ ಅವರು ಕೊಟ್ಟ ಗಮನ ನಾನು ಬೇರೆಲ್ಲೂ ಕಂಡಿಲ್ಲ. ಪೆಟ್ಟಿಗೆಯ ಬದಿಯಲ್ಲಿ ‘ಔಷಧ’ ಎಂದು ಬರೆಯಬೇಕಿತ್ತು. ಮಾಮೂಲಿ ಅಕ್ಷರದಲ್ಲಿ ಬರೆದು ಇಪ್ಪತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಷಕಾರದ ಒಳಗಿನ ಗೆರೆ ಮುಚ್ಚಿಹೋಗಿ ಪಕಾರವಾಗುತ್ತದೆ, ಧಕಾರದ ಕೆಳಗಿನ ಸೀಳು ಮಾಯವಾಗಿ ದಕಾರವಾಗುತ್ತದೆ, ಉಳಿಯುವುದು ‘ಔಪದ’. ಹಾಗಾದರೆ ನಮ್ಮೂರಿನ ಮಾತಾದ ‘ಮದ್ದು’ ಎಂದೇ ಬರೆಯೋಣವೆಂದೆವು. ಮೇಲಿನಿಂದ ಹಾರಿಬರುವ ಪೆಟ್ಟಿಗೆಯ ಮೇಲೆ ಮದ್ದು ಎಂದಿದ್ದರೆ ಕೋವಿಯ ಮದ್ದೂ ಹಂದಿಗೆ ಇಡುವ ಸಿಡಿಮದ್ದೂ ನೆನಪಾದಾವು ಎಂದು ಅವರು ಎಚ್ಚರಿಸಿದರು. ಕೊನೆಗೆ ‘ಔಷಧ’ವೇ ಉಳಿಯಿತು, ಆದರೆ ಷ, ಧ ಎರಡರ ಒಡಲನ್ನೂ ಅಗಲಿಸಿ, ಒಳಗಿನ ಗೆರೆಗೆ ಸುತ್ತ ಗಾಳಿಯಾಡುವಷ್ಟು ಜಾಗ ಬಿಟ್ಟು ಹೊಸದಾಗಿ ಬರೆದರು. ಲಂಡನ್ನಿನ ನೆಲದಡಿಯ ರೈಲಿಗೆ ಎಡ್ವರ್ಡ್ ಜಾನ್‌ಸ್ಟನ್ 1916ರಲ್ಲಿ ರೂಪಿಸಿದ ಅಕ್ಷರಗಳ ಹಾಳೆ ಅವರ ಕಚೇರಿಯ ಗೋಡೆಯ ಮೇಲಿದೆ. ಪ್ರತಿ ನಿಲ್ದಾಣದಲ್ಲೂ ಅದೇ ಅಕ್ಷರ ಕಂಡಾಗ ನೆಲದ ಕೆಳಗೆ ಇಳಿದವನಿಗೂ ತಾನೆಲ್ಲಿದ್ದೇನೆಂಬ ಧೈರ್ಯ ಬರುತ್ತದೆ ಎಂದು ವಿವರಿಸಿದ್ದರು. ನಮ್ಮ ಎರಡೂ ದಡದ ಫಲಕ, ಪೈಲಟ್‌ನ ಜಾಕೆಟ್ಟು, ಚೀಟಿ, ಪೆಟ್ಟಿಗೆ ಎಲ್ಲದರಲ್ಲೂ ಈಗ ಒಂದೇ ಕೈಬರಹವಿದೆ.

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ದಡದ ಫಲಕ. ಅದರಲ್ಲಿ ಮೂರು ಸಾಲುಗಳಿವೆ: ಇಂದು ಹಾರಿಸುವವರ ಹೆಸರು, ಆಚೆ ದಡದಲ್ಲಿ ಇಳಿಸಿಕೊಳ್ಳುವವರ ಹೆಸರು, ಒಂದು ಫೋನ್ ಸಂಖ್ಯೆ. ಹೆಸರಿನ ಪಟ್ಟಿಗಳನ್ನು ದಿನವೂ ಬೆಳಿಗ್ಗೆ ಕೈಯಿಂದ ಬದಲಿಸಬೇಕು. ಮುಖವಿಲ್ಲದ ಯಂತ್ರಕ್ಕೆ ಹೀಗೆ ಊರಿನ ಗುರುತಿನ ಇಬ್ಬರ ಹೆಸರು ಸೇರಿತು. ಫಲಕದ ಹಿಂಬದಿ ಪೂರ್ತಿ ಬಿಳಿ, ಅದರ ಮೇಲೆ ಎರಡೇ ಪದ: “ಇಂದು ಹಾರಾಟವಿಲ್ಲ”. ಮಲೆನಾಡಿನ ಆಷಾಢದ ಮಳೆಯಲ್ಲಿ, ಗಾಳಿ ಎದ್ದ ಮಧ್ಯಾಹ್ನಗಳಲ್ಲಿ ಡ್ರೋನ್ ಹಾರಿಸಲಾಗುವುದಿಲ್ಲ. ಜನರಿಗೆ ಔಷಧ ತೀರಾ ಬೇಕಾಗುವುದೂ ಅಂಥ ದಿನಗಳಲ್ಲಿಯೇ. ಈ ಮಿತಿಯನ್ನು ಮುಚ್ಚಿಡುವ ಮನಸ್ಸು ನಮಗಿತ್ತು. ಅವರು ಅದನ್ನೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ಆಚೆ ದಡದಿಂದ ದುರ್ಬೀನಿಲ್ಲದೆ ತಿಳಿಯುವಂತೆ ಬರೆದರು. ಅಕ್ಷರ ಕಾಣದಿದ್ದರೂ ಫಲಕ ಬಿಳಿಯಾಗಿದೆ ಎಂಬುದು ಕಂಡರೆ ಸಾಕು. ಕಳೆದ ಜುಲೈನಲ್ಲಿ ಸತತ ಐದು ದಿನ ಬಿಳಿ ಫಲಕ ನಿಂತಿತ್ತು. ಆರನೆಯ ದಿನ ಅದು ತಿರುಗಿದಾಗ ಇನ್ಸುಲಿನ್‌ಗೆ ಹೇಳಿಕಳಿಸಿದವರಲ್ಲಿ, ಹಿಂದೆ ನಮ್ಮ ಯಂತ್ರಕ್ಕೆ ಕಲ್ಲು ಹೊಡೆಯಲು ಹೊರಟಿದ್ದ ಮನೆಯ ಯಜಮಾನರೂ ಇದ್ದರು. “ಆಗೂದಿಲ್ಲ ಅಂದ್ರೆ ಆಗೂದಿಲ್ಲ ಅಂತ ಹಾಕ್ತೀರಲ್ಲ ಮಾರಾಯ್ರೆ, ಅಡ್ಡಿಲ್ಲ” ಎಂದರು.

ಕೊರತೆಗಳಿಗೆ ಬರುತ್ತೇನೆ. ಆರು ವಾರ ಎಂದು ಒಪ್ಪಿಕೊಂಡ ಕೆಲಸ ಹದಿನಾಲ್ಕು ವಾರ ಹಿಡಿಯಿತು. ನಡುವೆ ಮೂರು ವಾರ ಫೋನಿಗೂ ಸರಿಯಾಗಿ ಸಿಗಲಿಲ್ಲ. ಮಳೆ ಹಿಡಿಯುವ ಮುನ್ನ ಫಲಕ ನಿಲ್ಲಿಸಬೇಕೆಂಬ ನಮ್ಮ ಆತುರ ಅವರಿಗೆ ಗೊತ್ತಿದ್ದೂ ಹೀಗಾದದ್ದು ನೋವಿನ ಸಂಗತಿ. ಬಳಕೆಯ ಕೈಪಿಡಿಯನ್ನು 46 ಪುಟಗಳಲ್ಲಿ ಅಚ್ಚುಕಟ್ಟಾಗಿ ಕೊಟ್ಟರು, ಆದರೆ ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡದ ಒಂದೊಂದು ಅಕ್ಷರಕ್ಕೆ ಅಷ್ಟು ಮಮತೆ ತೋರಿದವರು, ಫಲಕ ತಿರುಗಿಸುವ, ಸೀಲು ಅಂಟಿಸುವ ನಮ್ಮ ಹುಡುಗರು ಓದುವ ಭಾಷೆಯಲ್ಲಿ ಕೈಪಿಡಿ ಬರೆಯಲು ಮರೆತದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ಬಣ್ಣದ್ದು ಇನ್ನೂ ದುಬಾರಿಯಾದ ತಪ್ಪು. ಮುರುಗಲ ಬಣ್ಣವನ್ನು ಬಿಳಿ ಸ್ಟಿಕ್ಕರಿನ ಮೇಲೆ ಅಚ್ಚು ಹಾಕಬಾರದು, ಆ ಬಣ್ಣದ್ದೇ ಆದ ಹಾಳೆಯನ್ನು ಕತ್ತರಿಸಿ ಅಂಟಿಸಬೇಕು ಎಂಬ ಸೂಚನೆ ಅವರ ಮನಸ್ಸಿನಲ್ಲಿತ್ತು, ಕೈಪಿಡಿಯಲ್ಲಿರಲಿಲ್ಲ. ಫ್ಲೆಕ್ಸ್ ಮುದ್ರಿಸುವವರು ತಮಗೆ ತಿಳಿದಂತೆ ಅಚ್ಚು ಹಾಕಿಕೊಟ್ಟರು. ಏಪ್ರಿಲ್ ಕೊನೆಯ ಹೊತ್ತಿಗೆ ಕಡುಗೆಂಪು ಬಿಸಿಲಿಗೆ ಮಾಸಿ ಸೀಬೆಹಣ್ಣಿನ ತಿರುಳಿನ ಬಣ್ಣಕ್ಕೆ ಬಂದಿತ್ತು. ಮಾಸಿದ ಗುರುತು ಹೊತ್ತ ಯಂತ್ರವನ್ನು ಕಂಡವರು ಒಳಗಿನ ಬ್ಯಾಟರಿಯನ್ನೂ ಇವರು ಹೀಗೇ ನೋಡಿಕೊಳ್ಳುತ್ತಾರೆಂದು ತಿಳಿಯುತ್ತಾರೆ. ಎಲ್ಲವನ್ನೂ ನಾವು ಮತ್ತೆ ಮಾಡಿಸಬೇಕಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳು ಮತ್ತು ಯೂನಿಕೋಡ್ ಅಕ್ಷರಗಳ ನಡುವಿನ ಹಳೆಯ ತಕರಾರು ಇಲ್ಲಿಯೂ ಎದುರಾಯಿತು: ತಿದ್ದಲು ಬರುವ ಕಡತವನ್ನು ಮುದ್ರಕರ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಕಾವತ್ತುಗಳು ಜಾಗ ತಪ್ಪಿದ್ದವು. ಅಕ್ಷರಗಳನ್ನು ಗೆರೆಯಾಗಿ ಬದಲಿಸಿದ ಕಡತವನ್ನು ಕೇಳಿದ ದಿನವೇ ಕಳಿಸಿಕೊಟ್ಟರು. ಮೊದಲೇ ಕೊಟ್ಟಿದ್ದರೆ ಇನ್ನೂರು ಕೈಚೀಟಿ ಹಾಳಾಗುತ್ತಿರಲಿಲ್ಲ.

ನಾವು ಕೊಟ್ಟ ಸಂಭಾವನೆ 85,000 ರೂಪಾಯಿ. ಅಚ್ಚು, ಹಾಳೆ, ಕಬ್ಬಿಣದ ಫಲಕದ ಖರ್ಚು ಬೇರೆ. ಒಂದು ಚಿಹ್ನೆ ಮಾತ್ರ ಸಾಕೆನ್ನುವವರಿಗೆ ಇದು ಹೆಚ್ಚೆನಿಸಬಹುದು, ಅಂಥವರು ಅಲ್ಲಿಗೆ ಹೋಗಬೇಕಾಗಿಯೂ ಇಲ್ಲ. ತಮ್ಮ ಯಂತ್ರದ ಬಗ್ಗೆ ಹೊರಗಿನವರು ಕಠಿಣ ಪ್ರಶ್ನೆ ಕೇಳಿದರೆ ತಾಳಿಕೊಳ್ಳುವ, ಕೇಳಿದ ಮೇಲೆ ಯಂತ್ರವನ್ನು ಬದಲಿಸಲು ಸಿದ್ಧರಿರುವ ತಂಡಗಳಿಗೆ ನಾನು ಈ ಕಚೇರಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಹೋಗುವವರು ಕೆಲಸ ಮುಗಿಯುವ ತಾರೀಖನ್ನೂ ಮುದ್ರಣದ ಹಾಳೆಯ ವಿವರವನ್ನೂ ಕೈಪಿಡಿಯ ಭಾಷೆಯನ್ನೂ ಕರಾರಿನಲ್ಲಿ ಬರೆಸಿಕೊಳ್ಳಲಿ. ನಮ್ಮ ಕೈಪಿಡಿಯ ಕನ್ನಡದ ಕರಡನ್ನು ಅವರು ಹೆಚ್ಚಿನ ಹಣ ಕೇಳದೆ ಈಗ ಸಿದ್ಧಪಡಿಸುತ್ತಿದ್ದಾರೆ. ಕಳೆದ ವಾರ ಬಂದ ಮೊದಲ ಪುಟದಲ್ಲಿ ಚಿಹ್ನೆಯ ಅಳತೆಗಳಿರಲಿಲ್ಲ, ಬಿಳಿ ಫಲಕವನ್ನು ಯಾವ ಗಾಳಿಗೆ, ಎಷ್ಟು ಮಳೆಗೆ ತಿರುಗಿಸಬೇಕು ಎಂಬುದಿತ್ತು.